ಪೂರ್ತಿ ಚಿತ್ರ ಬೇಡ, ಒಂದು ಕೈ ಸಾಕು

ತಮ್ಮಾ, ಪುಣೆಯ ಸದಾಶಿವ ಪೇಠದ ಕೋಣೆಯಲ್ಲಿ ತೈಲವರ್ಣ ಕಲಿಯಲು ರವಿವರ್ಮರ ಚಿತ್ರದ ಪ್ರತಿ ಮಾಡಹೊರಟಿದ್ದೀಯಂತೆ. ಒಳ್ಳೆಯದು. ಮಾವನ ನಾಲ್ಕು ಮಾತು ಕೇಳು.

• ಕ್ಯಾಲೆಂಡರ್ ನೋಡಿ ಬರೆಯಬೇಡ. 1894ರಲ್ಲಿ ಶುರುವಾಗಿ ಆಮೇಲೆ ನಿಮ್ಮ ಲೋಣಾವಳದ ಹತ್ತಿರದ ಮಳವಲಿಗೆ ಬಂದ ರವಿವರ್ಮ ಪ್ರೆಸ್ಸಿನವು ಕಲ್ಲಚ್ಚಿನ ಚಿತ್ರಗಳು. ಅದರಲ್ಲಿ ಕುಂಚದ ಗುರುತು ಸಿಗುವುದಿಲ್ಲ.

• ಮೂಲ ನೋಡಬೇಕಾದರೆ ಔಂಧಕ್ಕೆ ಹೋಗು. ಪುಣೆಯ ಔಂಧ ಅಲ್ಲ ಮತ್ತೆ, ಸಾತಾರಾ ಜಿಲ್ಲೆಯದು! ಸ್ವತಃ ಚಿತ್ರಕಾರರಾಗಿದ್ದ ಅಲ್ಲಿನ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರ ಭವಾನಿ ಸಂಗ್ರಹಾಲಯದಲ್ಲಿ ರವಿವರ್ಮರ ಕೃತಿಗಳಿವೆ. ಈ ಕಡೆ ಬಂದಾಗ ಮೈಸೂರಿನ ಜಗನ್ಮೋಹನ ಅರಮನೆ ಇದ್ದೇ ಇದೆ.

• ಅದೇ ಅರಮನೆಯ ಚಿತ್ರಕಾರ ಹಳದಣಕರರ ದೀಪದ ಹುಡುಗಿಯ ಚಿತ್ರಕ್ಕೆ ಮನಸೋಲುತ್ತೀ, ಗೊತ್ತು. ಅದು ಜಲವರ್ಣ. ಎಣ್ಣೆ ಬಣ್ಣದ ಪಾಠ ಅಲ್ಲಿ ಸಿಗದು.

• ರವಿವರ್ಮರ 1889ರ ವಾದ್ಯಗಾರ್ತಿಯರ ಚಿತ್ರದಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಎಲ್ಲರನ್ನೂ ಕ್ಯಾನ್ವಾಸಿಗೆ ತರುವ ಹುಚ್ಚು ಬೇಡ. ವೀಣೆಯ ಮೇಲಿನ ಒಂದು ಕೈ ತೆಗೆದುಕೋ.

• ಚೌಕ ಎಳೆದು ಗೆರೆ ಮೂಡಿಸು. ಬರ್ಂಟ್ ಅಂಬರನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬರೀ ನೆರಳು ಬೆಳಕು ಕೂಡಿಸು. ಅದು ಒಣಗುವವರೆಗೆ ಬಣ್ಣದ ಗೊಡವೆ ಬೇಡ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ತಿರುವುಮುರುವು ಮಾಡಿದರೆ ಮೇಲಿನದು ಮೊದಲು ಒಣಗಿ ಆಮೇಲೆ ಬಿರಿಯುತ್ತದೆ. ಪುಣೆಯ ಮಳೆಗಾಲದಲ್ಲಂತೂ ಒಣಗಲು ಇನ್ನೂ ತಡ.

• ಟ್ಯೂಬಿನಲ್ಲಿ ಬರುವ ಸಿದ್ಧ ಮೈಬಣ್ಣ ಕೊಳ್ಳಬೇಡ. ಬಿಳಿ, ಯೆಲ್ಲೋ ಓಕರ್, ಲೈಟ್ ರೆಡ್, ಅಂಬರ್ ಇದ್ದರೆ ಆಯಿತು. ನಿನ್ನದೇ ಕೈ ಬೆಳಕಿಗೆ ಹಿಡಿದು ನೋಡು: ಬೆರಳ ಗೆಣ್ಣು ಕೆಂಪು, ಮಣಿಕಟ್ಟಿನ ಒಳಬದಿ ತುಸು ಹಸಿರು. ನೆರಳೆಂದರೆ ಕಪ್ಪು ಸುರಿಯುವುದಲ್ಲ.

• ತಪ್ಪು ಕಾಣದಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ನೋಡು.

• ಕಿಟಕಿ ತೆರೆದಿಡು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸು. ಹಳೆಯ ವಾಡೆಯ ಮರದ ಮನೆಯಾದರೆ ಇದನ್ನು ಮರೆಯಲೇಬೇಡ.

• ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿ.

• ರವಿವರ್ಮರು ತೀರಿಕೊಂಡದ್ದು 1906ರಲ್ಲಿ, ಹಕ್ಕಿನ ತಕರಾರಿಲ್ಲ. ಆದರೂ ಹಿಂಬದಿಯಲ್ಲಿ 'ರವಿವರ್ಮರ ಚಿತ್ರದ ಪ್ರತಿ' ಎಂದು ಬರೆದು ನಿನ್ನ ಹೆಸರು, ಇಸವಿ ಹಾಕು. ಅವರ ಸಹಿಯ ನಕಲು ಮಾತ್ರ ಮಾಡಕೂಡದು.