ಮೊದಲು ಪೋರ್ಟ್ ಪರೀಕ್ಷೆ, ಆಮೇಲೆ ಆದ್ಯತೆ

ಪ್ರಶ್ನೆ: ಮಿಶ್ರಿಕೋಟಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಸಣ್ಣ ಕೇಂದ್ರ ನಡೆಸುತ್ತೇನೆ. ಕಂಪ್ಯೂಟರ್, ಸಿಸಿ ಕ್ಯಾಮೆರಾ, ಇಂಟರ್‌ನೆಟ್ ಫೋನ್ ಎಲ್ಲವೂ ಒಂದೇ ಸ್ವಿಚ್‌ನಲ್ಲಿವೆ. ಫೋನಿನಲ್ಲಿ ಮಾತು ತುಂಡಾಗುತ್ತದೆ. ಸ್ವಿಚ್ ಬದಲಿಸಲೇ?

ಉತ್ತರ: ಈಗಲೇ ದುಡ್ಡು ಖರ್ಚು ಮಾಡಬೇಡಿ. ದೋಷ ಎಲ್ಲಿದೆ ಎಂದು ಮೊದಲು ತಿಳಿಯಬೇಕು.

ಲೂಪ್‌ಬ್ಯಾಕ್ ಪರೀಕ್ಷೆಯಲ್ಲಿ ಪೋರ್ಟ್ ಕಳಿಸಿದ ಫ್ರೇಮ್ (ಡೇಟಾ ತುಣುಕು) ಅದಕ್ಕೇ ಮರಳಿ ಬರುತ್ತದೆ. ಸ್ವಿಚ್‌ನ ಸೆಟ್ಟಿಂಗ್‌ನಲ್ಲಿ ಈ ಸೌಲಭ್ಯವಿದ್ದರೆ ಮೊದಲು ಒಳಗಿನ ಲೂಪ್‌ಬ್ಯಾಕ್ ನಡೆಸಿ. ಆಮೇಲೆ ಕೇಬಲ್ಲಿನ ತುದಿಗೆ ಲೂಪ್‌ಬ್ಯಾಕ್ ಪ್ಲಗ್ ಹಾಕಿ ನೋಡಿ. 100 ಎಂಬಿಪಿಎಸ್ ಪ್ಲಗ್‌ನಲ್ಲಿ 1ನೇ ಪಿನ್ 3ಕ್ಕೆ, 2ನೇ ಪಿನ್ 6ಕ್ಕೆ ಸೇರಿರುತ್ತದೆ. ಒಳಗಿನದು ಪಾಸಾಗಿ ಹೊರಗಿನದು ಫೇಲಾದರೆ ಕೇಬಲ್, ಕನೆಕ್ಟರ್ ಅಥವಾ ಜ್ಯಾಕ್ ಅನ್ನು ಶಂಕಿಸಿ. ಪರೀಕ್ಷೆ ನಡೆಯುವಾಗ ಆ ಪೋರ್ಟಿನ ಕೆಲಸ ನಿಲ್ಲುತ್ತದೆ; ಆದ್ದರಿಂದ ಗಿರಾಕಿಗಳು ಹೋದ ಮೇಲೆ ಮಾಡಿ, ಮುಗಿದೊಡನೆ ಆಫ್ ಮಾಡಿ.

ಎರಡೂ ಪಾಸಾದರೆ ಡೇಟಾ ದಟ್ಟಣೆಯೇ ಕಾರಣ ಇರಬಹುದು. ಸ್ವಿಚ್‌ನಲ್ಲಿ ಯಾವ ಡೇಟಾ ಮೊದಲು ಹೋಗಬೇಕೆಂದು ಸೂಚಿಸುವ 802.1ಪಿ ಪದ್ಧತಿಯಲ್ಲಿ 0ಯಿಂದ 7ರವರೆಗೆ ಎಂಟು ಆದ್ಯತೆಗಳಿವೆ. ಫೋನಿನ ಪೋರ್ಟಿಗೆ 5 ಕೊಡಿ, ಉಳಿದವು 0ಯಲ್ಲೇ ಇರಲಿ. ಎಲ್ಲಕ್ಕೂ 7 ಕೊಟ್ಟರೆ ಯಾವುದಕ್ಕೂ ಆದ್ಯತೆ ಸಿಗದು. ಕ್ಯಾಮೆರಾ ದೃಶ್ಯ ಹೊರಗಿನ ಸರ್ವರ್‌ಗೆ ಹೋಗುತ್ತಿದ್ದರೆ ಅಪ್‌ಲೋಡ್ ತುಂಬಿಬಿಡಬಹುದು. ಹಾಗಾಗಿ ರೌಟರಿನಲ್ಲೂ ಫೋನಿಗೆ ಆದ್ಯತೆ ಕೊಡಿ, ಕ್ಯಾಮೆರಾದ ಬಿಟ್‌ರೇಟ್ ಇಳಿಸಿ. ಆದ್ಯತೆಯಿಂದ ಲೈನಿನ ವೇಗ ಹೆಚ್ಚುವುದಿಲ್ಲ, ಸರದಿ ಮಾತ್ರ ಬದಲಾಗುತ್ತದೆ. ಇಷ್ಟಾದ ಮೇಲೂ ಮಾತು ತುಂಡಾದರೆ ಸೇವೆ ಕೊಡುವವರಿಗೆ ಪರೀಕ್ಷೆಯ ಫಲಿತಾಂಶ ಸಹಿತ ದೂರು ಕೊಡಿ.