ಕಿಲೋಮೀಟರಿಗೆ ಎಷ್ಟು ಬಿತ್ತು?

ಬಂಡೂರು ಕುರಿ ಕೊಳ್ಳುವವರು ಬಣ್ಣ ನೋಡಿ ದುಡ್ಡು ಬಿಚ್ಚುವುದಿಲ್ಲ. ಹಿಂದೆ ನಿಂತು ತೊಡೆಗಳ ನಡುವಿನ ತಲೆಕೆಳಗಾದ ‘ಯು’ ಆಕಾರ ನೋಡುತ್ತಾರೆ. ಕಾಲು ಗಿಡ್ಡವಿದೆಯೇ, ಬೆನ್ನು ಅಗಲವಿದೆಯೇ ಎಂದು ಕೈಯಾಡಿಸುತ್ತಾರೆ. ಮಳವಳ್ಳಿ, ಮದ್ದೂರು, ಮಂಡ್ಯದ ಕಡೆ ಈ ತಳಿಗೆ ಬೆಲೆ ಬಂದಿರುವುದೇ ಮೈಕಟ್ಟಿನಿಂದ. ಅದೇ ಸೀಮೆಯವರು ಕಾರ್ಬನ್ ಫ್ರೇಮಿನ ಸೈಕಲ್, ಅಂದರೆ ರೋಡ್ ಬೈಕ್ ಕೊಳ್ಳಲು ಬೆಂಗಳೂರಿಗೋ ಮೈಸೂರಿಗೋ ಹೋದರೆ ಮಾತ್ರ ಕಥೆ ಬೇರೆ. ಬ್ರ್ಯಾಂಡು, ಪೇಂಟು, ತೂಕದ ಗ್ರಾಮು ಎಲ್ಲವನ್ನೂ ವಿಚಾರಿಸುತ್ತಾರೆ, ಫ್ರೇಮಿನ ಅಳತೆಯ ಪಟ್ಟಿಯನ್ನು ಕೇಳುವುದಿಲ್ಲ. ಕಾರ್ಬನ್ ಬೈಕಿಗೆ ಹಾಕುವ ಹಣ ದಕ್ಕುತ್ತದೋ ಮುಳುಗುತ್ತದೋ ಎಂಬುದನ್ನು ಬೇರೆಲ್ಲಕ್ಕಿಂತ ಹೆಚ್ಚಾಗಿ ಆ ಪಟ್ಟಿಯೇ ತೀರ್ಮಾನಿಸುತ್ತದೆ ಎಂಬುದು ನನ್ನ ವಾದ.

ಲೆಕ್ಕ ಹೀಗಿದೆ. ಬೈಕಿನ ಬೆಲೆ 3 ಲಕ್ಷ ರೂಪಾಯಿ ಅಂದುಕೊಳ್ಳಿ. ಶೇ 14ರ ಬಡ್ಡಿಗೆ ಮೂರು ವರ್ಷದ ಸಾಲ ಮಾಡಿದರೆ ತಿಂಗಳ ಕಂತು ಸುಮಾರು 10,250. ಬಡ್ಡಿಯೇ 69,000 ದಾಟುತ್ತದೆ. ವಾರಕ್ಕೆ 100 ಕಿ.ಮೀ.ನಂತೆ ಐದು ವರ್ಷ ತುಳಿದವರಿಗೆ 26,000 ಕಿ.ಮೀ. ಆಗುತ್ತದೆ, ಅಂದರೆ ಕಿಲೋಮೀಟರಿಗೆ 15 ರೂಪಾಯಿಯೊಳಗೆ. ಸೊಂಟ, ಕುತ್ತಿಗೆ ಹಿಡಿದುಕೊಂಡು 2,000 ಕಿ.ಮೀ.ಗೇ ಬೈಕನ್ನು ಗೋಡೆಗೆ ಒರಗಿಸಿದವರಿಗೆ ಅದೇ ಬೈಕು ಕಿಲೋಮೀಟರಿಗೆ 184 ರೂಪಾಯಿ ಬೀಳುತ್ತದೆ. ಅಂಗಡಿಯಲ್ಲಿ ಚೌಕಾಸಿ ಮಾಡಿ ಇಳಿಸುವ ಐದು ಸಾವಿರ ಈ ವ್ಯತ್ಯಾಸದ ಮುಂದೆ ಏನೂ ಅಲ್ಲ. ಬೆಲೆಯನ್ನು ಎಷ್ಟು ಕಿಲೋಮೀಟರಿನಿಂದ ಭಾಗಿಸುತ್ತೀರಿ ಎಂಬುದೇ ಮುಖ್ಯ, ಮತ್ತು ಅದನ್ನು ನಿರ್ಧರಿಸುವುದು ಮೈಗೆ ಒಗ್ಗುವ ಅಳತೆ.

ಪಟ್ಟಿಯಲ್ಲಿ ಮೊದಲು ನೋಡಬೇಕಾದ್ದು ಸ್ಟ್ಯಾಕ್ ಮತ್ತು ರೀಚ್. ಪೆಡಲು ತಿರುಗುವ ಅಚ್ಚಿನ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ತುದಿ ಎಷ್ಟು ಮೇಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ಒಂದೇ ಸೈಜಿನ ರೇಸ್ ಫ್ರೇಮಿಗೂ ದೂರದ ಸವಾರಿಗೆಂದು ಮಾಡಿದ ಎಂಡ್ಯೂರೆನ್ಸ್ ಫ್ರೇಮಿಗೂ ಸ್ಟ್ಯಾಕಿನಲ್ಲಿ ಸಾಮಾನ್ಯವಾಗಿ ಮೂರು ಸೆಂಟಿಮೀಟರ್ ಆಸುಪಾಸು, ರೀಚಿನಲ್ಲಿ ಒಂದು ಸೆಂಟಿಮೀಟರಿನಷ್ಟು ಅಂತರವಿರುತ್ತದೆ. ಕಾಗದದ ಮೇಲೆ ಇದು ಅಲ್ಪ. ಎರಡು ಗಂಟೆ ಬಗ್ಗಿ ಕೂತವನ ಬೆನ್ನಿಗೆ ಅಲ್ಪವಲ್ಲ. ಬಗ್ಗಿದಷ್ಟೂ ವೇಗ ತಾನೇ ಎಂದು ಕೇಳುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಮತಟ್ಟಿನಲ್ಲಿ ಗಂಟೆಗೆ 30 ಕಿ.ಮೀ. ಮೀರಿದರೆ ದೊಡ್ಡ ಶತ್ರು ಗಾಳಿಯೇ, ಆ ಗಾಳಿಯ ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸವಾರನ ಮೈಯದು. ಆದರೆ ಆ ಭಂಗಿ ಎಷ್ಟು ಹೊತ್ತು ನಿಲ್ಲುತ್ತದೆ? ತಗ್ಗಿನ ಹ್ಯಾಂಡಲ್ ಹಿಡಿಯಲಾರದೆ ಹತ್ತು ನಿಮಿಷಕ್ಕೊಮ್ಮೆ ಕೈ ನೆಟ್ಟಗೆ ಮಾಡಿ ಎದ್ದು ಕೂರುವವನಿಗಿಂತ, ಎತ್ತರದ ಹ್ಯಾಂಡಲಿನಲ್ಲಿ ಮೊಣಕೈ ಮಡಚಿ ಗಂಟೆಗಟ್ಟಲೆ ಹಾಗೇ ಇರಬಲ್ಲವನು ಗಾಳಿಯನ್ನು ಚೆನ್ನಾಗಿ ಸೀಳುತ್ತಾನೆ.

ರಸ್ತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ನುಣುಪಾದ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಮೋಟಾರ್ ಬೈಕು, ಆಟೊ, ಟ್ರ್ಯಾಕ್ಟರ್ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸೈಕಲ್ಲಿಗೆ ಉಳಿದದ್ದು ಸರ್ವಿಸ್ ರಸ್ತೆ, ಇಲ್ಲವೇ ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವಂಥ ದಾರಿ. ಕಬ್ಬು ಅರೆಯುವ ಕಾಲದಲ್ಲಿ ಇಲ್ಲಿ ಟ್ರ್ಯಾಕ್ಟರಿನಿಂದ ಉದುರಿದ ಜಲ್ಲೆ, ಊರೂರಿಗೂ ಬಣ್ಣವಿಲ್ಲದ ಹಂಪು, ಅಂಚು ಕಿತ್ತ ಡಾಂಬರು. ಇಂಥ ಕಡೆ ಹೆಡ್ ಟ್ಯೂಬಿನ ಕೋನ 73ರ ಬದಲು 71–72 ಡಿಗ್ರಿ, ಗಾಲಿಗಳ ನಡುವಿನ ಅಂತರ ಒಂದೆರಡು ಸೆಂಟಿಮೀಟರ್ ಉದ್ದ ಇರುವ ಫ್ರೇಮು ಹ್ಯಾಂಡಲನ್ನು ಅದುರಿಸದೆ ಸಾಗುತ್ತದೆ. 32 ಮಿ.ಮೀ. ಟೈರು ಹಿಡಿಸುವ ಜಾಗವಿದೆಯೇ ಎಂಬುದಂತೂ ಕಡ್ಡಾಯದ ಪ್ರಶ್ನೆ. ಕಾರ್ಬನ್ ತಾನೇ ಮೆತ್ತಗೆ, ಅಳತೆಯ ಗೊಡವೆ ಏಕೆ ಎನ್ನುವವರು ಒಂದು ಮರೆಯುತ್ತಾರೆ: ಗುಂಡಿಗೆ ಬಿದ್ದಾಗ ಫ್ರೇಮಿಗಿಂತ ಎಷ್ಟೋ ಪಾಲು ಹೆಚ್ಚು ಕುಗ್ಗುವುದು ಗಾಳಿ ತುಂಬಿದ ಟೈರು.

ರೇಸ್ ಫ್ರೇಮನ್ನೇ ಕೊಂಡು ಹ್ಯಾಂಡಲಿನ ಕೆಳಗೆ ಅದನ್ನು ಎತ್ತರಿಸುವ ಸ್ಪೇಸರ್ ಬಳೆ ಹಾಕಿದರಾಯಿತು ಎಂಬ ಆಕ್ಷೇಪ ಗಟ್ಟಿಯಾದದ್ದು. ನಿಜ, ಮೂರು ಸೆಂಟಿಮೀಟರ್ ಏರಿಸಿದರೆ ಹ್ಯಾಂಡಲ್ ಸುಮಾರು 9 ಮಿ.ಮೀ. ಹಿಂದಕ್ಕೂ ಬರುತ್ತದೆ, ಕೂರುವ ಭಂಗಿ ಹೆಚ್ಚುಕಡಿಮೆ ಎಂಡ್ಯೂರೆನ್ಸ್ ಬೈಕಿನದೇ ಆಗುತ್ತದೆ. ಆದರೆ ಕೋನ ಬದಲಾಗದು, ಗಾಲಿಗಳ ಅಂತರ ಬದಲಾಗದು, ಟೈರಿನ ಜಾಗ ಹಿಗ್ಗದು. ಹ್ಯಾಂಡಲ್ ಕೂರುವ ಕಾರ್ಬನ್ ಸ್ಟೀರರ್ ಕೊಳವೆಯ ಮೇಲೆ ಎಷ್ಟು ಸ್ಪೇಸರ್ ಹಾಕಬಹುದೆಂಬುದಕ್ಕೆ ಕಂಪನಿಗಳೇ ಮಿತಿ ಇಟ್ಟಿವೆ. ರೇಸಿನ ಫ್ರೇಮಿಗೆ ಹಣ ತೆತ್ತು ಅದನ್ನು ರೇಸಿನದಲ್ಲದಂತೆ ಮಾಡಿಕೊಳ್ಳುವುದು ಯಾವ ಉಳಿತಾಯ? ಮಾರಿದರೆ ಒಳ್ಳೆ ಬೆಲೆ ಬರುತ್ತದೆ ಎಂಬ ಸಮಾಧಾನವೂ ಅಷ್ಟೆ. ಮೇಲಿನ ಲೆಕ್ಕದ ಬೈಕು ಅರ್ಧ ಬೆಲೆಗೆ ಹೋದರೂ 2,000 ಕಿ.ಮೀ.ಗೆ ತಲಾ 109 ರೂಪಾಯಿ ಕೈಬಿಟ್ಟಿರುತ್ತದೆ. ಅಲ್ಲದೆ ಹಳೆಯ ಕಾರ್ಬನ್ನಿನ ಒಳಬಿರುಕು ಕಣ್ಣಿಗೆ ಕಾಣದ್ದರಿಂದ ಕೊಳ್ಳುವವನು ಅಂಜಿಕೊಂಡೇ ಬೆಲೆ ಕಟ್ಟುತ್ತಾನೆ.

ತೂಕದ ಮೋಹದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ರೇಸ್ ಬೈಕು 6.8 ಕೆ.ಜಿ.ಗಿಂತ ಹಗುರ ಇರಕೂಡದೆಂದು 2000ರಿಂದ ನಿಯಮ ಮಾಡಿದೆ. ನಮ್ಮ ಬಿಸಿಲಿಗೆ ಬೇಕಾದ ಒಂದು ಬಾಟಲಿ ನೀರೇ ಮುಕ್ಕಾಲು ಕೆ.ಜಿ. ತೂಗುತ್ತದೆ. ವಿಜಯಪುರ, ಬಾಗಲಕೋಟೆ ಕಡೆ ದಿನವೂ ತರಬೇತಿ ಮಾಡಿ ಬೆನ್ನು ಪಳಗಿಸಿಕೊಂಡ ರೇಸ್ ಹುಡುಗರಿಗೆ ತಗ್ಗಿನ ಫ್ರೇಮೇ ಸರಿ. ಅವರ ಕಿಲೋಮೀಟರುಗಳು ಅಲ್ಲೇ ಇವೆ. ಉಳಿದವರು ಮೇಲಿನ ದರ್ಜೆಯ ಫ್ರೇಮಿನಿಂದ ಒಂದು ಮೆಟ್ಟಿಲು ಇಳಿದು, ಉಳಿದ ಹಣದಲ್ಲಿ ಕೊಳ್ಳುವ ಮೊದಲೇ ಮೈಯಳತೆಗೆ ತಕ್ಕ ಬೈಕ್ ಫಿಟ್ ಮಾಡಿಸಿಕೊಳ್ಳಲಿ. ಒಂದು ಕಂಪನಿಯ 54ರ ಸೈಜು ಇನ್ನೊಂದರ 54 ಆಗಿರುವುದಿಲ್ಲ. ಫಿಟ್ ಮಾಡಿದವರು ಬರೆದುಕೊಟ್ಟ ಸ್ಟ್ಯಾಕ್, ರೀಚ್ ಚೀಟಿ ಹಿಡಿದು ಅಂಗಡಿಗೆ ಹೋದರೆ ಸೈಜಿನ ಸ್ಟಿಕರ್ ನೋಡುವ ಅಗತ್ಯವೇ ಬೀಳುವುದಿಲ್ಲ.