ಹಲಗೆಯ ಮೇಲಿನ ರಣರಂಗ

ಯುದ್ಧವನ್ನು ಆಟವಾಗಿ ಆಡುವ ಪದ್ಧತಿ ಇಂದಿನದಲ್ಲ. ಆನೆ, ಕುದುರೆ, ರಥ, ಕಾಲಾಳುಗಳೆಂಬ ಸೇನೆಯ ನಾಲ್ಕು ಅಂಗಗಳಿಂದ ಹೆಸರು ಪಡೆದ ಚತುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯಾದ ಮೂಲಕ ಜಗತ್ತಿನಲ್ಲೆಲ್ಲ ಹರಡಿತು. ಆದರೆ ಚದುರಂಗದ ಹಲಗೆ ಯಾವ ದೇಶದ ನೆಲವೂ ಅಲ್ಲ. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ಹಾದಿಯಿಲ್ಲ. ಎರಡು ಪಕ್ಷಗಳ ಬಲವೂ ಸಮ. ನಿಜವಾಗಿ ನಡೆದ ಒಂದು ಕದನವನ್ನು ಆ ನೆಲದ ನಕ್ಷೆಯ ಮೇಲೆಯೇ ಮತ್ತೊಮ್ಮೆ ನಡೆಸಿ ನೋಡುವ ಆಟಗಳು ಬೇರೆ ಬಗೆಯವು. ಅವುಗಳನ್ನು ಐತಿಹಾಸಿಕ ಯುದ್ಧಕ್ರೀಡೆಗಳೆಂದು ಕರೆಯಬಹುದು. ಇಂತಹ ಹಳೆಯ ಆಟಗಳನ್ನು ಹೇಗೆ ಆಡಬೇಕು, ಅವುಗಳ ಗುಣದೋಷಗಳನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಈ ಆಟಗಳ ಮೂಲ ಪ್ರಷ್ಯಾ ದೇಶದಲ್ಲಿದೆ. 1812ರಲ್ಲಿ ರೈಸ್‌ವಿಟ್ಸ್ ಎಂಬ ಶ್ರೀಮಂತನು ಅಲ್ಲಿಯ ದೊರೆ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮನಿಗೆ ಒಂದು ಯುದ್ಧಕ್ರೀಡೆಯನ್ನು ಒಪ್ಪಿಸಿದನು. ಸೈನ್ಯಾಧಿಕಾರಿಯಾಗಿದ್ದ ಅವನ ಮಗನು ಅದನ್ನು ತಿದ್ದಿ ಬೆಳೆಸಿ, 1824ರಲ್ಲಿ ಅದರ ನಿಯಮಗಳನ್ನು ಅಚ್ಚುಮಾಡಿಸಿದನು. ನಕ್ಷೆಯ ಪ್ರಮಾಣ 1:8000. ಒಂದೊಂದು ಸರದಿಗೆ ಕದನದ ಎರಡು ನಿಮಿಷಗಳ ಲೆಕ್ಕ. ಆಟಗಾರರ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದನು. ಶತ್ರುವಿನ ಸೇನೆಯಲ್ಲಿ ನಿಜವಾದ ರಣರಂಗದಲ್ಲಿ ಕಣ್ಣಿಗೆ ಬೀಳಬಹುದಾದಷ್ಟನ್ನು ಮಾತ್ರ ಅವನು ಎದುರಾಳಿಗೆ ತೋರಿಸುತ್ತಿದ್ದನು. ಪ್ರಷ್ಯಾದ ಸೇನೆ ಈ ಆಟವನ್ನು ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡಿತು.

ಸೈನಿಕರ ಕೊಠಡಿಯಲ್ಲಿದ್ದ ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಸಾಮಾನ್ಯ ಜನರ ಮೇಜಿನ ಮೇಲೆ ತಂದವರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ ಪ್ರಮುಖರು. 1958ರಲ್ಲಿ ಅವರ ಆವಲಾನ್ ಹಿಲ್ ಸಂಸ್ಥೆ 'ಗೆಟಿಸ್‌ಬರ್ಗ್' ಎಂಬ ಆಟವನ್ನು ಹೊರತಂದಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ, ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಎಂಬ ಊರಿನ ಬಳಿ ನಡೆದ ಕದನವೇ ಅದರ ವಸ್ತು. ದಕ್ಷಿಣದ ಸೇನೆಗೆ ರಾಬರ್ಟ್ ಲೀ, ಉತ್ತರದ ಸೇನೆಗೆ ಜಾರ್ಜ್ ಮೀಡ್ ನಾಯಕರು. ಆಟದಲ್ಲಿ ರಟ್ಟಿನ ಸಣ್ಣ ಕಾಯಿಗಳೇ ಸೇನಾ ತುಕಡಿಗಳು. ಇತಿಹಾಸದಲ್ಲಿ ಯಾವ ತುಕಡಿ ಯಾವ ಹೊತ್ತಿಗೆ ಯಾವ ದಾರಿಯಿಂದ ಬಂದಿತೋ, ಆಟದಲ್ಲಿಯೂ ಅದು ಹಾಗೆಯೇ ಬರಬೇಕು.

1961ರಲ್ಲಿ ಈ ಸಂಸ್ಥೆಯ ನಕ್ಷೆಗಳಲ್ಲಿ ಚೌಕಗಳ ಬದಲಿಗೆ ಷಟ್ಕೋನದ ಮನೆಗಳು ಕಾಣಿಸಿಕೊಂಡವು. ಕಾರಣ ಸರಳವಾದುದು. ಚೌಕದ ಮನೆಯಿಂದ ಮೂಲೆಯ ಮನೆಗೆ ಹೋಗುವ ದೂರ, ಪಕ್ಕದ ಮನೆಗೆ ಹೋಗುವ ದೂರಕ್ಕಿಂತ ಸುಮಾರು 1.4 ಪಟ್ಟು ಹೆಚ್ಚು. ಷಟ್ಕೋನದ ಮನೆಗಾದರೋ ಸುತ್ತಲಿನ ಆರೂ ಮನೆಗಳು ಸಮಾನ ದೂರದಲ್ಲಿವೆ. ಕಾಯಿಗಳು ಎದುರಾದಾಗ ಎರಡು ಪಕ್ಷಗಳ ಬಲದ ಅನುಪಾತವನ್ನು ಕಂಡುಹಿಡಿದು, ದಾಳವನ್ನು ಉರುಳಿಸಿ, ಫಲವನ್ನು ಒಂದು ಕೋಷ್ಟಕದಲ್ಲಿ ನೋಡಬೇಕು. ಹೀಗೆ ಜಾಣ್ಮೆಗೂ ಅದೃಷ್ಟಕ್ಕೂ ತಕ್ಕ ಪಾಲು ದೊರೆಯುತ್ತದೆ.

ಇಂತಹ ಆಟದ ಯೋಗ್ಯತೆಯನ್ನು ಅಳೆಯುವುದು ಹೇಗೆ? ಅದರ ಪೆಟ್ಟಿಗೆ ಮಾಸಿದೆ, ಚಿತ್ರಗಳು ಸಾಧಾರಣವಾಗಿವೆ ಎಂದು ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯದೆಂಬ ಒಂದೇ ಕಾರಣಕ್ಕೆ ಹೊಗಳುವುದೂ ಸಲ್ಲದು. ಒಂದು ಸಲ ಆಡಿ ತೀರ್ಪು ಹೇಳುವುದಂತೂ ಅವಸರವೇ ಸರಿ. ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಹಲವು ಸಲ ಆಡಬೇಕು. ಇತಿಹಾಸದಲ್ಲಿ ಗೆದ್ದವರೇ ಪ್ರತಿಸಲವೂ ಗೆದ್ದರೆ ಆಟಗಾರನಿಗೆ ಮಾಡುವ ಕೆಲಸವೇನೂ ಉಳಿಯದು. ಅವರು ಎಂದೂ ಗೆಲ್ಲದಿದ್ದರೆ ಆಟ ಇತಿಹಾಸದಿಂದ ದೂರ ಸರಿದಿದೆಯೆಂದು ತಿಳಿಯಬೇಕು.

ಸೋಲುಗೆಲವಿಗಿಂತಲೂ ಮುಖ್ಯವಾದುದು ಅದರ ಕಾರಣ. ಜುಲೈ 3ರಂದು ಲೀಯ ಆಜ್ಞೆಯಂತೆ ಸುಮಾರು 12,500 ಸೈನಿಕರು ಮರೆಯಿಲ್ಲದ ಬಯಲನ್ನು ದಾಟಿ, ದಿಣ್ಣೆಯ ಮೇಲಿದ್ದ ಉತ್ತರದ ಸೇನೆಯ ಮೇಲೆ ಏರಿಹೋದರು. ಫಿರಂಗಿ, ಬಂದೂಕುಗಳ ಎದುರಿನಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ನಷ್ಟವಾದರು. ಆಟದಲ್ಲಿ ಇದೇ ಸಾಹಸಕ್ಕೆ ಕೈಹಾಕಿದವನು ದಿಣ್ಣೆಯನ್ನು ಸುಲಭವಾಗಿ ಗೆದ್ದರೆ, ನೆಲದ ಅನುಕೂಲವನ್ನು ಆ ಆಟ ಸರಿಯಾಗಿ ಲೆಕ್ಕಕ್ಕೆ ಹಿಡಿದಿಲ್ಲವೆಂದರ್ಥ. ಅವನು ಸೋತು, ಏಕೆ ಸೋತೆನೆಂದು ತಿಳಿದುಕೊಂಡರೆ ಆಟ ಸಾರ್ಥಕ.

ಆಟವು ಏನನ್ನು ಬಿಟ್ಟಿದೆಯೆಂಬುದನ್ನೂ ಪರಿಶೀಲಿಸಬೇಕು. ಲೀಯ ಅಶ್ವದಳದ ನಾಯಕ ಸ್ಟೂಅರ್ಟ್ ಜುಲೈ 2ರವರೆಗೆ ಬಂದು ಸೇರಲಿಲ್ಲ. ಶತ್ರು ಎಲ್ಲಿ, ಎಷ್ಟಿದ್ದಾನೆಂಬ ಸರಿಯಾದ ಸುದ್ದಿ ತರುವವರಿಲ್ಲದೆ ಲೀ ಕದನವನ್ನು ಆರಂಭಿಸಬೇಕಾಯಿತು. ತೀರ್ಪುಗಾರನಿಲ್ಲದ ಹಲಗೆಯ ಆಟಗಳಲ್ಲಾದರೋ ಸಾಮಾನ್ಯವಾಗಿ ಎದುರಾಳಿಯ ಕಾಯಿಗಳೆಲ್ಲ ಕಣ್ಣಮುಂದೆಯೇ ಇರುತ್ತವೆ. ಆದುದರಿಂದ ಆಟದಲ್ಲಿ ಗೆದ್ದವನು ತಾನು ಲೀಗಿಂತ ಬುದ್ಧಿವಂತನೆಂದು ಭಾವಿಸಲಾಗದು. ಲೀಗೆ ಕಾಣದಿದ್ದುದು ಅವನಿಗೆ ಕಾಣುತ್ತಿದೆ, ಅಷ್ಟೆ.

ಹಲಗೆಯಿಂದ ಒಂದು ಕಾಯಿಯನ್ನು ತೆಗೆದಿಡಲು ಕ್ಷಣವೂ ಬೇಡ. ಗೆಟಿಸ್‌ಬರ್ಗಿನಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎರಡು ಪಕ್ಷಗಳಿಂದ ಸೇರಿ ಸುಮಾರು 50,000 ಮಂದಿ. ಸೇನೆಗಳು ಹೊರಟುಹೋದ ಮೇಲೆ, ಸುಮಾರು 2,400 ಜನರಿದ್ದ ಆ ಊರಿನ ಮನೆಗಳೂ ಚರ್ಚುಗಳೂ ಸಾವಿರಾರು ಗಾಯಾಳುಗಳಿಂದ ತುಂಬಿಹೋಗಿದ್ದವು. ಈ ನೋವನ್ನು ಯಾವ ಕೋಷ್ಟಕವೂ ಹೇಳಲಾರದು. ಅದನ್ನು ಇತಿಹಾಸದ ಗ್ರಂಥಗಳಿಂದಲೂ ಸೈನಿಕರ ಪತ್ರಗಳಿಂದಲೂ ತಿಳಿಯಬೇಕು. ಸೇನಾಪತಿಯೊಬ್ಬನ ಮುಂದೆ ಯಾವ ದಾರಿಗಳಿದ್ದವು, ಒಂದನ್ನು ಆರಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಆಟ ಕಲಿಸಬಲ್ಲದು. ಅವನ ಆಯ್ಕೆಗೆ ಬೆಲೆ ತೆತ್ತವರು ಯಾರೆಂಬುದನ್ನು ಆಟಗಾರನೇ ನೆನಪಿನಲ್ಲಿಟ್ಟುಕೊಳ್ಳಬೇಕು.